ಕಡತ ಎಲ್ಲಿದೆ ಹೇಳಿ, ಫೆಲೋಶಿಪ್ ಆಮೇಲೆ

ಯುರೋಪಿನ ಆಡಳಿತದ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತೇನೆ ಎಂದರೆ ಮನೆಯವರು ಮೊದಲು ಕೇಳುವುದು, 'ಅದಕ್ಕೆಲ್ಲ ದುಡ್ಡು ಯಾರು ಕೊಡ್ತಾರೆ?' ಕೊಡುವವರಿದ್ದಾರೆ. ಕಚೇರಿ, ಗುಮಾಸ್ತ, ಸುತ್ತೋಲೆ, ವರ್ಗಾವಣೆ ಇವುಗಳ ಕಥೆಗೂ ದುಡ್ಡಿದೆ. 1800ರಲ್ಲಿ ನೆಪೋಲಿಯನ್ ಫ್ರಾನ್ಸಿನ ಒಂದೊಂದು ವಿಭಾಗಕ್ಕೂ, ಅಂದರೆ ಜಿಲ್ಲೆಯಂಥದಕ್ಕೂ, ಒಬ್ಬೊಬ್ಬ ಪ್ರಿಫೆಕ್ಟ್‌ನನ್ನು ಕೂರಿಸಿದ. ನಮ್ಮ ಡಿಸಿ ಕಚೇರಿ ಕಂಡವರಿಗೆ ಆ ಪ್ರಿಫೆಕ್ಟ್ ಎಂಥವನು ಎಂದು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಪಿಎಚ್‌.ಡಿ. ಮಾಡುತ್ತಿರುವವರು, ಈಗಷ್ಟೇ ಮುಗಿಸಿದವರು ಇಂಥ ಅನುದಾನ, ಫೆಲೋಶಿಪ್‌ಗೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ನೋಡೋಣ.

ಮೊದಲು ಕಡತ ಹುಡುಕಿ

ನಾನು ಮೊದಲ ಸಲ ಅರ್ಜಿ ಹಾಕಿದಾಗ ಕೊಟ್ಟ ವಿಷಯ 'ಯುರೋಪಿನ ಅಧಿಕಾರಶಾಹಿಯ ಬೆಳವಣಿಗೆ'. ಎರಡು ಶತಮಾನ, ಐದು ದೇಶ, ಓದೋಕೆ ಮೂರು ತಿಂಗಳು! 'ವಿಷಾದಿಸುತ್ತೇವೆ' ಎಂಬ ಪತ್ರ ಬೇಗನೇ ಬಂತು. ತಪ್ಪು ನನ್ನದೇ. ಯಾವ ಊರಿನ ಯಾವ ಪತ್ರಾಗಾರದಲ್ಲಿ ಕೂತು ಯಾವ ಕಾಗದ ಓದುತ್ತೇನೆ ಅನ್ನುವುದು ಆ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ.

ಆದ್ದರಿಂದ ಪ್ರಶ್ನೆಯನ್ನು ಸಣ್ಣದು ಮಾಡಿ. ಒಂದು ಉದಾಹರಣೆ ನೋಡಿ. 1952ರ ಆಗಸ್ಟ್ 10ರಂದು ಲಕ್ಸೆಂಬರ್ಗ್‌ನಲ್ಲಿ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯದ (ಇಂದಿನ ಯುರೋಪಿಯನ್ ಒಕ್ಕೂಟದ ಮೊದಲ ರೂಪ) ಆಡಳಿತ ಮಂಡಳಿ 'ಹೈ ಅಥಾರಿಟಿ' ಕೆಲಸ ಶುರು ಮಾಡಿತು. ಅಧ್ಯಕ್ಷರು ಜಾನ್ ಮೊನೆ. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಹೀಗೆ ಆರು ದೇಶಗಳ ನೌಕರರು ಒಂದೇ ಕಚೇರಿಗೆ ಬಂದರು. ಏಳು ವರ್ಷದ ಹಿಂದಷ್ಟೇ ಇವರಲ್ಲಿ ಕೆಲವರ ದೇಶಗಳು ಯುದ್ಧದಲ್ಲಿ ಎದುರುಬದುರು ನಿಂತಿದ್ದವು. ಇವರು ಟಿಪ್ಪಣಿ ಬರೆದದ್ದು ಯಾವ ಭಾಷೆಯಲ್ಲಿ? ಸಂಬಳ, ಬಡ್ತಿಯ ನಿಯಮ ಯಾವ ದೇಶದ ಮಾದರಿಯಲ್ಲಿ ಬಂತು? ಮೊದಲ ಆರು ವರ್ಷಕ್ಕೆ ಇಷ್ಟು ಕೇಳಿದರೂ ಒಂದು ಒಳ್ಳೆಯ ಅರ್ಜಿಗೆ ಸಾಕು.

ಆ ಕಾಗದಗಳು ಈಗಿರುವುದು ಇಟಲಿಯ ಫ್ಲಾರೆನ್ಸ್‌ನಲ್ಲಿ, ವಿಲ್ಲಾ ಸಾಲ್ವಿಯಾತಿ ಎಂಬ ಹಳೆಯ ಬಂಗಲೆಯಲ್ಲಿರುವ ಯುರೋಪಿಯನ್ ಒಕ್ಕೂಟದ ಚಾರಿತ್ರಿಕ ಪತ್ರಾಗಾರದಲ್ಲಿ. ಅಲ್ಲಿ ಸಾಮಾನ್ಯವಾಗಿ 30 ವರ್ಷ ದಾಟಿದ ಕಾಗದಗಳನ್ನು ಓದಲು ಬಿಡುತ್ತಾರೆ. ಕ್ಯಾಟಲಾಗ್ ಆನ್‌ಲೈನ್‌ನಲ್ಲೇ ಇದೆ. ಮನೆಯಲ್ಲೇ ಕೂತು ಹುಡುಕಿ, ನಿಮಗೆ ಬೇಕಾದ ಕಡತಗಳ ನಂಬರ್ ಬರೆದುಕೊಳ್ಳಿ. ಅನುಮಾನ ಇದ್ದರೆ ಪತ್ರಾಗಾರದವರಿಗೇ ಮೇಲ್ ಮಾಡಿ ಕೇಳಿ. ಅರ್ಜಿಯಲ್ಲಿ ಹತ್ತು ಹದಿನೈದು ಕಡತಗಳ ನಂಬರ್ ಇದ್ದರೆ, ಇವನು ಸುಮ್ನೆ ಊರು ನೋಡೋಕೆ ಬರುತ್ತಿಲ್ಲ ಎಂದು ಓದುವವರಿಗೆ ತಾನಾಗೇ ತಿಳಿಯುತ್ತದೆ.

ಆ ಕಡತಗಳನ್ನು ಓದಲು ಬರುತ್ತದೆಯೇ ಎಂದು ಕೂಡ ನೋಡಿಕೊಳ್ಳಿ. ಹೈ ಅಥಾರಿಟಿಗೆ ಫ್ರೆಂಚ್ ಬೇಕೇ ಬೇಕು. ಪ್ರಷ್ಯಾ ಅಥವಾ ವಿಯೆನ್ನಾದ ಹಳೆಯ ಕಡತಗಳಿಗೆ ಜರ್ಮನ್ ಬಂದರಷ್ಟೇ ಸಾಲದು, ಕುರೆಂಟ್ ಎಂಬ ಕೈಬರಹ ಬಿಡಿಸಲು ಬರಬೇಕು. ಬೆಳಗಾವಿ, ಧಾರವಾಡದ ಕಡೆ ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದಪತ್ರ ಕಂಡವರಿಗೆ ಇದು ಗೊತ್ತು. ಮರಾಠಿ ನೀರು ಕುಡಿದಂತೆ ಮಾತಾಡುವವರೂ ಮೋಡಿ ಮುಂದೆ ಕಕ್ಕಾಬಿಕ್ಕಿ ಆಗುತ್ತಾರೆ. ಕುರೆಂಟ್ ಕಲಿತಿದ್ದೀರಿ, ಅಥವಾ ಎಲ್ಲಿ ಕಲಿಯುತ್ತೀರಿ ಅನ್ನುವುದಕ್ಕೆ ಅರ್ಜಿಯಲ್ಲಿ ಒಂದು ಸಾಲು ಇರಲಿ.

ಯಾರ ಬಾಗಿಲು ತಟ್ಟುವುದು

ಪಿಎಚ್‌.ಡಿ. ಇನ್ನೂ ನಡೆಯುತ್ತಿದ್ದರೆ ಸಣ್ಣ ಅನುದಾನಗಳೇ ವಾಸಿ. ಫ್ಲಾರೆನ್ಸ್‌ನ ಪತ್ರಾಗಾರವೇ ಯುವ ಸಂಶೋಧಕರಿಗೆ ಅಲ್ಲಿಗೆ ಬಂದು ಓದಲು ಹಣ ಕೊಡುತ್ತ ಬಂದಿದೆ. ವೀಬೆಕೆ ಸೋರೆನ್ಸೆನ್ ಹೆಸರಿನ ಅನುದಾನ ಅದರಲ್ಲೊಂದು. ಜರ್ಮನಿಗೆ ಹೋಗುವವರಿಗೆ ಡಿಎಎಡಿ, ಅಂದರೆ ಅಲ್ಲಿನ ಶೈಕ್ಷಣಿಕ ವಿನಿಮಯ ಸಂಸ್ಥೆ ಇದೆ. ಕಾನೂನು ಮತ್ತು ಆಡಳಿತ ಎರಡೂ ಸೇರುವ ವಿಷಯವಾದರೆ ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಕಾನೂನು ಇತಿಹಾಸ ಸಂಸ್ಥೆಯನ್ನು ಮರೆಯಬೇಡಿ.

ನಿಮ್ಮ ಕೆಲಸ ಮೈಸೂರಿನ ಬ್ರಿಟಿಷ್ ಕಮಿಷನರ್ ಆಳ್ವಿಕೆಯ ಮೇಲೆ, ಅಂದರೆ 1831ರಿಂದ 1881ರವರೆಗಿನ 50 ವರ್ಷದ ಮೇಲೆ ಇದ್ದರೆ ದಾರಿ ಬೇರೆ. ಆಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡುತ್ತಿದ್ದ ಲಂಡನ್ ಕಚೇರಿ) ದಾಖಲೆಗಳನ್ನು ನೋಡದೆ ಆಗುವುದಿಲ್ಲ. ಅವು ಸುಮಾರು 14 ಕಿಲೋಮೀಟರ್ ಉದ್ದದ ಕಪಾಟು ತುಂಬಿವೆ. ಭಾರತೀಯರು ಬ್ರಿಟನ್ನಿಗೆ ಹೋಗಿ ಇಂಥ ಕೆಲಸ ಮಾಡಲು ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ನೆರವಾಗುತ್ತದೆ.

ಪಿಎಚ್‌.ಡಿ. ಕೈಗೆ ಬಂದ ಮೇಲೆ ದೊಡ್ಡವು. ಫ್ಲಾರೆನ್ಸ್ ಪಕ್ಕದ ಫಿಯೆಸೊಲೆಯ ಯುರೋಪಿಯನ್ ಯೂನಿವರ್ಸಿಟಿ ಇನ್‌ಸ್ಟಿಟ್ಯೂಟ್‌ನ ಫೆಲೋಶಿಪ್‌ಗೆ ಮ್ಯಾಕ್ಸ್ ವೇಬರ್ ಹೆಸರು. ಅಧಿಕಾರಶಾಹಿ ಬಗ್ಗೆ ಬರೆದ ಜರ್ಮನ್ ಸಮಾಜಶಾಸ್ತ್ರಜ್ಞ, ಅದೇ ವೇಬರ್! ಪಿಎಚ್‌.ಡಿ. ಆಗಿ 5 ವರ್ಷ ಮೀರದವರಿಗೆ ಇದು, ದೇಶದ ಕಟ್ಟು ಇಲ್ಲ. ಡ್ಯೂಸೆಲ್‌ಡಾರ್ಫ್‌ನ ಗೆರ್ಡಾ ಹೆಂಕೆಲ್ ಫೌಂಡೇಶನ್ ಇತಿಹಾಸದವರ ಕೈ ಹಿಡಿಯುತ್ತದೆ, ಅಲ್ಲೂ ಯಾವ ದೇಶದವರು ಎಂದು ಕೇಳುವುದಿಲ್ಲ.

ಇನ್ನೊಂದು ಯುರೋಪಿಯನ್ ಒಕ್ಕೂಟ ಕೊಡುವ ಮರಿ ಸ್ಕ್ಲೊಡೊಫ್ಸ್ಕಾ-ಕ್ಯೂರಿ ಪೋಸ್ಟ್‌ಡಾಕ್. ಇದರಲ್ಲಿ ನಮ್ಮವರು ಎಡವುವ ಒಂದು ಜಾಗ ಇದೆ. ಅರ್ಜಿಯ ಕೊನೇ ದಿನಕ್ಕೆ ಹಿಂದಿನ 36 ತಿಂಗಳಲ್ಲಿ ನೀವು 12 ತಿಂಗಳಿಗಿಂತ ಜಾಸ್ತಿ ಯಾವ ದೇಶದಲ್ಲಿ ವಾಸವಿದ್ದಿರೋ ಅಥವಾ ಕೆಲಸ ಮಾಡಿದ್ದಿರೋ, ಆ ದೇಶಕ್ಕೆ ಅರ್ಜಿ ಹಾಕುವಂತಿಲ್ಲ. ಜರ್ಮನಿಯಲ್ಲಿ ಪಿಎಚ್‌.ಡಿ. ಮುಗಿಸಿ ಅಲ್ಲೇ ಇರುವ ಕನ್ನಡದ ಹುಡುಗ ಹುಡುಗಿಯರು ಜರ್ಮನಿಗೇ ಅರ್ಜಿ ತಯಾರು ಮಾಡಿಕೊಂಡು ಕೂತಿರುತ್ತಾರೆ. ಧಾರವಾಡದಿಂದ ನೇರ ಅರ್ಜಿ ಹಾಕುವವರಿಗೆ ಈ ತೊಡಕೇ ಇಲ್ಲ. ಇಂಥ ಲಾಭ ನಮಗೆ ಸಿಗುವುದು ಅಪರೂಪ.

ಒಪ್ಪಿಗೆ ಪತ್ರ

ಬಹಳಷ್ಟು ಫೆಲೋಶಿಪ್‌ಗೆ ಅಲ್ಲಿನ ಪ್ರೊಫೆಸರ್ ಒಬ್ಬರ ಒಪ್ಪಿಗೆ ಬೇಕು. ಮೇಲ್ ಹತ್ತು ಸಾಲು ದಾಟಬಾರದು. ನಿಮ್ಮ ಪ್ರಶ್ನೆ, ನೋಡಬೇಕಾದ ಕಡತಗಳು, ಅವರ ಯಾವ ಕೆಲಸಕ್ಕೆ ಇದು ಹತ್ತಿರ, ಯಾವ ಫೆಲೋಶಿಪ್, ಕೊನೇ ದಿನ ಯಾವಾಗ, ಇಷ್ಟೇ. 'ಪರಮಪೂಜ್ಯ' ಧಾಟಿ ಅಲ್ಲಿ ನಡೆಯುವುದಿಲ್ಲ. ಒಂದೇ ಪತ್ರವನ್ನು ನಲವತ್ತು ಜನಕ್ಕೆ ಕಳಿಸಿದರೆ ಮೊದಲ ಸಾಲಲ್ಲೇ ಗೊತ್ತಾಗುತ್ತದೆ. ಎರಡು ವಾರ ಕಾದು ಒಮ್ಮೆ ನೆನಪಿಸಿ. ಆಮೇಲೂ ಉತ್ತರ ಬರದಿದ್ದರೆ ಬೇರೆಯವರನ್ನು ಹುಡುಕಿ.

ಶಿಫಾರಸು ಪತ್ರ ಕೊಡುವ ನಿಮ್ಮ ಗೈಡ್‌ಗೆ ಕನಿಷ್ಠ ಒಂದೂವರೆ ತಿಂಗಳು ಮೊದಲೇ ಹೇಳಿ. 'ಸರ್, ನಾಳೆ ಕೊನೇ ದಿನ' ಅಂದರೆ ಅವರು ಹೋದ ವರ್ಷ ಇನ್ಯಾರಿಗೋ ಕೊಟ್ಟ ಪತ್ರದಲ್ಲೇ ಹೆಸರು ಬದಲಿಸಿ ಕಳಿಸುತ್ತಾರೆ.

ಹತ್ತು ಪುಟದ ಲೆಕ್ಕ

ಕ್ಯೂರಿ ಅರ್ಜಿಯ ಮುಖ್ಯ ಭಾಗಕ್ಕೆ 10 ಪುಟದ ಮಿತಿ. ಹನ್ನೊಂದನೆಯದನ್ನು ಯಾರೂ ಓದುವುದಿಲ್ಲ. ವಿಷಯದ ಗಟ್ಟಿತನಕ್ಕೆ 50%, ಪರಿಣಾಮಕ್ಕೆ 30%, ಕೆಲಸ ನಡೆಸುವ ರೀತಿಗೆ 20% ತೂಕ. ಇತಿಹಾಸದವರಾದ ನಾವು ಮೊದಲ ಭಾಗಕ್ಕೆ ಜೀವ ತೇಯ್ದು ಕೊನೆಯದನ್ನು ರಾತ್ರಿ ಎರಡು ಗಂಟೆಗೆ ತುಂಬುತ್ತೇವೆ. ಯಾವ ತಿಂಗಳು ಎಲ್ಲಿ, ಎಷ್ಟು ಕಡತ, ಕಡತ ಸಿಗದಿದ್ದರೆ ಮುಂದೇನು ಎಂದು ಅಲ್ಲಿ ಬರೆಯಬೇಕು. ಆ 20 ಅಂಕ ಬಿಟ್ಟುಕೊಟ್ಟರೆ ನಷ್ಟ ನಮಗೇ.

ಕ್ಯೂರಿಗೆ ಸಾಮಾನ್ಯವಾಗಿ ಸೆಪ್ಟೆಂಬರ್, ಮ್ಯಾಕ್ಸ್ ವೇಬರ್‌ಗೆ ಅಕ್ಟೋಬರ್ ಗಡುವು. ಎರಡಕ್ಕೂ ಜನವರಿಯಲ್ಲೇ ಕೂತರೆ ಒಳ್ಳೆಯದು. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಪ್ರಕಟಣೆಯನ್ನೇ ಓದಿ.

ಜೇಬಿನ ವಿಚಾರ

ಕೆಲವು ಸಣ್ಣ ಅನುದಾನಗಳು ಖರ್ಚು ಮಾಡಿ ಬಂದ ಮೇಲೆ ಬಿಲ್ ನೋಡಿ ಕೊಡುತ್ತವೆ. ಟಿಕೆಟ್, ಬಾಡಿಗೆಯ ಮುಂಗಡ, ವೀಸಾ ಎಲ್ಲವೂ ಮೊದಲು ನಿಮ್ಮ ಕೈಯಿಂದಲೇ ಹೋಗಬೇಕು. ದುಡ್ಡು ಮೊದಲೋ ಆಮೇಲೋ ಎಂದು ಅರ್ಜಿ ಹಾಕುವ ಮುಂಚೆಯೇ ಕೇಳಿ. ಅದನ್ನು ಕೇಳಲು ನಾಚಿಕೊಂಡು ನಾನು ಒಂದು ಸಲ ಸ್ನೇಹಿತನಿಂದ ಸಾಲ ಮಾಡಿದ್ದೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು, 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಅದಕ್ಕಿಂತ ಜಾಸ್ತಿ ಇರುವುದಾದರೆ ಆ ದೇಶದ ಬೇರೆ ವೀಸಾ.

ಸಿಗದಿದ್ದರೆ? ಕ್ಯೂರಿಯವರು ಅಂಕದ ಜೊತೆ ಟೀಕೆಯನ್ನೂ ಕಳಿಸುತ್ತಾರೆ. 85 ಅಥವಾ ಅದಕ್ಕಿಂತ ಮೇಲೆ ಬಂದೂ ಹಣ ಸಿಗದವರಿಗೆ 'ಸೀಲ್ ಆಫ್ ಎಕ್ಸಲೆನ್ಸ್' ಎಂಬ ಪತ್ರ ಸಿಗುತ್ತದೆ, ಅದನ್ನು ನೋಡಿ ಹಣ ಕೊಡುವ ಯೋಜನೆಗಳೂ ಕೆಲವು ದೇಶಗಳಲ್ಲಿವೆ. ಟೀಕೆಯನ್ನು ಬಂದ ದಿನ ಓದಬೇಡಿ, ಹೊಟ್ಟೆ ಉರಿಯುತ್ತದೆ. ಒಂದು ವಾರ ಬಿಟ್ಟು ಓದಿ, ಅಲ್ಲಿ ಕೇಳಿದ ಕಡತವನ್ನು ಕ್ಯಾಟಲಾಗ್‌ನಲ್ಲಿ ಹುಡುಕಿ.