ನನ್ನ ಹೆಬ್ಬೆರಳು ಸುಮ್ಮನಾದ 18 ದಿನ

ಮೊದಲ ರಿಹರ್ಸಲ್‌ನಲ್ಲಿ ಎರಡನೇ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಜೊತೆ ಡಬಲ್ ಬೇಸ್ ನುಡಿಸುತ್ತಿದ್ದ ಹಿರಿಯರು ನುಡಿಸೋದನ್ನು ನಿಲ್ಲಿಸಿಬಿಟ್ಟರು. ಆಳೆತ್ತರದ ಪಿಟೀಲಿನಂಥ ಆ ಮಂದ್ರಸ್ವರದ ಬೇಸನ್ನು ಭುಜಕ್ಕೆ ಒರಗಿಸಿಕೊಂಡು, "ನಿನ್ನ ಹೆಬ್ಬೆರಳು ನನ್ನ ಕೆಲಸ ಮಾಡ್ತಾ ಇದೆಯಪ್ಪಾ," ಅಂದರು. ಬೈದದ್ದಲ್ಲ, ತುಂಬಾ ಮೆತ್ತಗೆ ಹೇಳಿದರು. ನನಗೆ ಮಾತ್ರ ಎದೆ ಧಸಕ್ಕೆಂದಿತು.

ಆಗ ನನಗೆ 23 ವರ್ಷ. ಅವರು ಡಬಲ್ ಬೇಸ್ ಹಿಡಿದು 40 ವರ್ಷದ ಮೇಲಾಗಿತ್ತು. 18 ದಿನದಲ್ಲಿ 11 ಕಡೆ ಕಾರ್ಯಕ್ರಮ, ಎಲ್ಲವೂ ಜನಪದ ಹಾಡುಗಳೇ. ಹಾಡೋದು, ಗಿಟಾರ್ ನುಡಿಸೋದು ನಾನು. ಪಕ್ಕದಲ್ಲಿ ಅವರ ಬೇಸ್. ತಾಳವಾದ್ಯ ಇಲ್ಲ, ಮೂರನೆಯವರು ಇಲ್ಲ.

ಒಬ್ಬರೇ ಕೂತು ಫಿಂಗರ್‌ಪಿಕಿಂಗ್, ಅಂದರೆ ಬೆರಳುಗಳಿಂದಲೇ ಗಿಟಾರ್ ತಂತಿ ಮೀಟೋದು, ಕಲಿತವರಿಗೆ ಈ ಕಷ್ಟ ಅರ್ಥವಾಗುತ್ತದೆ. ಹೆಬ್ಬೆರಳು ಕೆಳಸ್ವರದ ಮೂರು ತಂತಿಗಳ ಮೇಲೆ ಟಕ್ ಟಕ್ ಅಂತ ನಡೆಯುತ್ತಾ ಇರಬೇಕು, ಮಿಕ್ಕ ಬೆರಳುಗಳು ಮೇಲುಸ್ವರದ ತಂತಿಗಳಲ್ಲಿ ಹಾಡಿನ ಧಾಟಿ ನುಡಿಸಬೇಕು. ಒಂದೇ ಗಿಟಾರ್‌ನಲ್ಲಿ ಇಬ್ಬರು ನುಡಿಸಿದ ಹಾಗೆ ಕೇಳಿಸಬೇಕು ಅಂತ ನಾನು ಏಳು ವರ್ಷ ಬೆವರು ಸುರಿಸಿದ್ದೆ. ಈಗ ನಿಜವಾಗಿಯೂ ಇಬ್ಬರಿದ್ದೆವು. ನನ್ನ ಕೈಗೆ ಅದು ಗೊತ್ತಿರಲಿಲ್ಲ.

ಅವರು ಕೊಟ್ಟ ಅಭ್ಯಾಸ ಇಷ್ಟೇ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು ಇಡೀ ಹಾಡನ್ನು ಮೂರೇ ಬೆರಳಲ್ಲಿ ನುಡಿಸು. ಮೊದಲ ದಿನ ಕೈ ಕುಂಟುತ್ತಿತ್ತು. ಲಯವೆಲ್ಲ ಹೆಬ್ಬೆರಳಲ್ಲೇ ಇತ್ತು ಅಂತ ಆಗ ಗೊತ್ತಾಯಿತು. ಮೂರನೇ ದಿನಕ್ಕೆ ಅವರ ಬೇಸ್ ಕೇಳಿಸಿಕೊಂಡೇ ನಡೆಯೋದು ರೂಢಿಯಾಯಿತು. ಆಮೇಲೆ ಹೆಬ್ಬೆರಳನ್ನು ಒಂದೊಂದೇ ಕಡೆ ವಾಪಸ್ ತಂದೆವು: ಪಲ್ಲವಿಗೆ ಮರಳುವ ಮೊದಲ ಏಟು, ಅವರು ಕಮಾನು ಎತ್ತಿಕೊಳ್ಳುವ ಜಾಗ, ಹಾಡಿನ ಕೊನೆ. ಅಷ್ಟೇ ಸಾಕಾಗಿತ್ತು. ನನ್ನ ಗಿಟಾರ್ ಮೊದಲಿಗಿಂತ ಸಣ್ಣದಾಗಿ ಕೇಳುತ್ತೆ ಅಂದುಕೊಂಡಿದ್ದೆ. ರೆಕಾರ್ಡಿಂಗ್ ಹಾಕಿ ಕೇಳಿದರೆ ಮೇಲಿನ ತಂತಿಗಳ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು.

ಶ್ರುತಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಮ್ಮ ತಲೆ ಜಾಸ್ತಿ ಕೆಟ್ಟದ್ದು ಅಲ್ಲೇ. ನಾನು ಅರ್ಧದಷ್ಟು ಹಾಡುಗಳನ್ನು ಡ್ಯಾಡ್‌ಗ್ಯಾಡ್‌ನಲ್ಲಿ ನುಡಿಸುತ್ತೇನೆ. ಅಂದರೆ ಆರು ತಂತಿಗಳನ್ನೂ ಡಿ-ಎ-ಡಿ-ಜಿ-ಎ-ಡಿ ಅನ್ನುವ ಸ್ವರಗಳಿಗೆ ಕೂಡಿಸೋದು. 1960ರ ದಶಕದ ಶುರುವಿನಲ್ಲಿ ಬ್ರಿಟನ್ನಿನ ಗಿಟಾರ್ ವಾದಕ ಡೇವಿ ಗ್ರಹಾಂ ಇದನ್ನು ಬಳಕೆಗೆ ತಂದರು, ಜನಪದ ಗಿಟಾರ್‌ನವರು ಬಿಡಲೇ ಇಲ್ಲ. ಇದರಲ್ಲಿ ಮೇಜರ್ರೋ ಮೈನರ್ರೋ (ಪಾಶ್ಚಾತ್ಯ ಸಂಗೀತದ ಎರಡು ಮುಖ್ಯ ಸ್ವರಶ್ರೇಣಿಗಳು) ಅಂತ ತಂತಿಗಳು ತಾವೇ ತೀರ್ಮಾನ ಮಾಡಲ್ಲ. ಹಳೆಯ ಧಾಟಿಗಳಿಗೆ ಅದಕ್ಕೇ ಒಗ್ಗುತ್ತದೆ.

ತೊಂದರೆ ಏನಪ್ಪಾ ಅಂದರೆ, ಹೀಗೆ ಇಳಿಸಿದಾಗ ನನ್ನ ಅತಿ ಮಂದ್ರದ ತಂತಿ ಸುಮಾರು 73 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 73 ಸಲ ಕಂಪಿಸುತ್ತಾ, ನುಡಿಯುತ್ತದೆ. ಡಬಲ್ ಬೇಸ್‌ನ ತಂತಿಗಳು ಇ, ಎ, ಡಿ, ಜಿ. ಅದರ ತೆರೆದ ಡಿ ತಂತಿಯೂ ಅದೇ 73 ಹರ್ಟ್ಸ್! ಒಂದೇ ಸ್ವರ, ಒಂದೇ ಸ್ಥಾಯಿ. ಇಬ್ಬರೂ ಒಟ್ಟಿಗೆ ಮೀಟಿದರೆ ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ವ್ವೊಂ ವ್ವೊಂ ಅಂತ ಅಲೆ ಏಳುತ್ತದೆ. ನಾನು ಇಡೀ ಒಂದು ದಿನ ಇದು ಸ್ಪೀಕರ್‌ದೇ ತಪ್ಪು ಅಂದುಕೊಂಡಿದ್ದೆ.

ದಾರಿ ತೋರಿಸಿದ್ದು ಅವರೇ. ತಮ್ಮ ದಪ್ಪ ಇ ತಂತಿಯನ್ನು ಒಂದು ಸ್ವರ ಕೆಳಗಿಳಿಸಿ ಡಿ ಮಾಡಿಕೊಂಡರು. ಈಗ ಅದು ನನ್ನದಕ್ಕಿಂತ ಪೂರ್ತಿ ಒಂದು ಸ್ಥಾಯಿ ಕೆಳಗೆ, ಸುಮಾರು 37 ಹರ್ಟ್ಸ್. ಆ ಸ್ವರವನ್ನು ಕಮಾನಿನಲ್ಲಿ ನಿಧಾನಕ್ಕೆ ಎಳೆದರೆ ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಆದರೆ ಇಳಿಸಿದ ತಂತಿ ತಕ್ಷಣ ನಿಲ್ಲಲ್ಲ, ಒಂದಷ್ಟು ಹೊತ್ತು ಜಾರುತ್ತಲೇ ಇರುತ್ತದೆ. ಅದಕ್ಕೆ ಹಾಡುಗಳ ಪಟ್ಟಿಯನ್ನೇ ಬದಲಿಸಿದೆವು. ನಾನು ಗಿಟಾರ್ ಕುತ್ತಿಗೆಯ ಎರಡನೇ ಮನೆಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿಕೊಂಡರೆ ನನ್ನ 'ಡಿ' 'ಇ' ಆಗುತ್ತದೆ, ಅವರ ತೆರೆದ ಇ ತಂತಿಗೆ ಸರಿಹೊಂದುತ್ತದೆ. ಅಂಥ ಹಾಡುಗಳೆಲ್ಲ ಮೊದಲ ಭಾಗಕ್ಕೆ. ಮಧ್ಯಂತರದಲ್ಲಿ ಅವರು ತಂತಿ ಇಳಿಸಿ ಬಿಟ್ಟಿರುತ್ತಿದ್ದರು. ಕ್ಯಾಪೊ ಇಲ್ಲದವು ಎರಡನೇ ಭಾಗಕ್ಕೆ. ಜನರ ಮುಂದೆ ಬಿರಡೆ ತಿರುಗಿಸುತ್ತಾ ನಿಲ್ಲುವ ಹೊತ್ತು ಅರ್ಧಕ್ಕರ್ಧ ಕಡಿಮೆಯಾಯಿತು.

ಪೆಂಟ್ಯಾಂಗಲ್ ತಂಡವನ್ನು ಕೇಳು ಅಂತ ಹೇಳಿದ್ದೂ ಅವರೇ. 1967ರಲ್ಲಿ ಶುರುವಾದ ಬ್ರಿಟನ್ನಿನ ಜನಪದ-ಜಾಝ್ ತಂಡ. ಬರ್ಟ್ ಜಾನ್ಷ್ ಮತ್ತು ಜಾನ್ ರೆನ್‌ಬರ್ನ್ ಅಂಥ ಎರಡು ಗಿಟಾರ್‌ಗಳ ಕೆಳಗೆ ಡ್ಯಾನಿ ಥಾಂಪ್ಸನ್ ಅವರ ಡಬಲ್ ಬೇಸ್. ಅದುವರೆಗೂ ನಾನು ಗಿಟಾರ್‌ಗಳನ್ನಷ್ಟೇ ಕೇಳಿದ್ದೆ. ಪ್ರಯಾಣದಲ್ಲಿ ದಿನವೂ ಹೆಡ್‌ಫೋನ್ ಹಾಕಿಕೊಂಡು ಬೇಸ್ ಒಂದನ್ನೇ ಹಿಂಬಾಲಿಸಿದೆ. ಗಿಟಾರ್ ಮಾತಾಡುವಾಗ ಬೇಸ್ ಎಲ್ಲಿ ತಡೆದು ನಿಲ್ಲುತ್ತದೆ ಅನ್ನೋದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡೆ.

ವೇದಿಕೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಕೆಳಗೆ ಪೊಳ್ಳಿರುವ ಮರದ ವೇದಿಕೆಯಾದರೆ ಬೇಸ್ ನೆಲಕ್ಕೆ ಊರುವ ಮೊಳೆಗಾಲಿನ ಕೆಳಗೆ ದಪ್ಪ ಚಾಪೆ ಹಾಕಿ, ಇಲ್ಲದಿದ್ದರೆ ಇಡೀ ವೇದಿಕೆ ಗುಂಯ್ ಅನ್ನುತ್ತದೆ. ಇಬ್ಬರ ನಡುವೆ ಒಂದು ಮೀಟರಿಗಿಂತ ಹೆಚ್ಚು ಅಂತರ ಬೇಡ. ಹತ್ತಿರ ನಿಂತರೆ ನಮ್ಮ ಶಬ್ದ ನಮಗೇ ಕೇಳಿಸುವ ಮಾನಿಟರ್ ಸ್ಪೀಕರ್ ಬೇಕಾಗೋದೇ ಕಡಿಮೆ, ಮೈಕ್ ಕಿರುಚುವ ಫೀಡ್‌ಬ್ಯಾಕ್ ಕಾಟವೂ ಕಡಿಮೆ.

ಅವರು ಯಾವಾಗಲೂ ನನ್ನ ಎಡಗಡೆಗೇ ನಿಲ್ಲುತ್ತಿದ್ದರು. ಯಾಕೆ ಅಂತ ತಿಳಿದದ್ದು ಏಳನೇ ಕಾರ್ಯಕ್ರಮದಲ್ಲಿ. ಅವತ್ತು ಎರಡನೇ ಭಾಗದ ಮೊದಲ ಹಾಡಿಗೆ ಮುಂಚೆ ನಾನು ಹಾಡಿನ ಕಥೆ ಹೇಳುತ್ತಾ ಮೈಮರೆತಿದ್ದೆ. ಕ್ಯಾಪೊ ತೆಗೆಯಲಿಲ್ಲ. ಅವರ ತಂತಿ ಆಗಲೇ ಡಿಗೆ ಇಳಿದಿತ್ತು. ನಾನು ಶುರು ಮಾಡಿದ್ದು ಇಯಲ್ಲಿ. ಎರಡು ಸ್ವರ ಕಳೆಯಿತು, ಬೇಸ್ ಬರಲಿಲ್ಲ. ಇಡೀ ಒಂದು ಸಾಲು ಅವರು ಸುಮ್ನೆ ನಿಂತರು. ಎರಡನೇ ಸಾಲಿಗೆ ಒಳಗೆ ಬಂದರು, ಸರಿಯಾಗಿ ಇಯಲ್ಲೇ! ಬೇಸ್‌ಗೆ ಮನೆಗಳಿಲ್ಲ, ಕ್ಯಾಪೊ ಇಲ್ಲ. ಹಾಡಿನಲ್ಲಿ ಅವರು ನೆಚ್ಚಿಕೊಂಡಿದ್ದ ತೆರೆದ ತಂತಿ ಆ ಹೊತ್ತಿಗೆ ಕೆಲಸಕ್ಕೆ ಬಾರದ್ದು. ಇಡೀ ಹಾಡನ್ನು ಒಂದು ಸ್ವರ ಮೇಲಕ್ಕೆ ಸರಿಸಿ, ತಂತಿಗಳನ್ನೆಲ್ಲ ಒತ್ತಿಯೇ ನುಡಿಸಿದರು. ಕೇಳುಗರಿಗೆ ಆ ಮೊದಲ ಸಾಲಿನ ಮೌನ ಬೇಕೆಂದೇ ಇಟ್ಟದ್ದು ಅನ್ನಿಸಿತ್ತು. ಆಮೇಲೆ ಒಬ್ಬರು ಬಂದು ಅದನ್ನೇ ಹೊಗಳಿದರು.

ಪರದೆಯ ಹಿಂದೆ ನಾನು ಕ್ಷಮೆ ಕೇಳಿದೆ. "ನೀನು ಕಥೆ ಹೇಳುವಾಗಲೇ ಕ್ಯಾಪೊ ಕಾಣಿಸ್ತು, ಕೂಗಿ ಹೇಳೋಕಾಗುತ್ತಾ?" ಅಂದರು. ಬಲಗೈಯಲ್ಲಿ ನುಡಿಸುವ ಗಿಟಾರ್‌ನವರ ಎಡಕ್ಕೆ ನಿಂತರೆ ಕ್ಯಾಪೊ, ಎಡಗೈ ಬೆರಳು ಎಲ್ಲ ಕಣ್ಣೆದುರಿಗೇ ಇರುತ್ತವೆ. ನಾನು ಮುಂದಿನ ಸ್ವರಗುಚ್ಛ ಹಿಡಿಯೋಕೆ ಬೆರಳು ಎತ್ತುವಾಗಲೇ ಅವರಿಗೆ ಗೊತ್ತಾಗಿರುತ್ತಿತ್ತು. ಅಷ್ಟು ದಿನ ನಾನು ಅವರನ್ನು ಒಮ್ಮೆಯೂ ಹಾಗೆ ನೋಡಿರಲಿಲ್ಲ. ಮಾರನೇ ಸಂಜೆಯಿಂದ ಕುರ್ಚಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಕೂತೆ, ಅವರ ಕಮಾನಿನ ತುದಿ ಕಾಣುವ ಹಾಗೆ.

ಕೊನೆಯ ಕಾರ್ಯಕ್ರಮದಲ್ಲಿ ಅದೇ ಹಾಡು ಬಂತು. ಕ್ಯಾಪೊ ತೆಗೆಯೋದನ್ನು ಮರೆತಿರಲಿಲ್ಲ. ಆದರೂ ಮೊದಲ ಸಾಲನ್ನು ಬೇಸ್ ಇಲ್ಲದೆ ಬಿಡೋಣ ಅಂತ ನಾನೇ ಕೇಳಿಕೊಂಡಿದ್ದೆ. ಹೆಬ್ಬೆರಳು ಮಡಚಿಕೊಂಡೇ ಆ ಸಾಲು ಹಾಡಿದೆ. ಎರಡನೇ ಸಾಲಿನ ಮೊದಲ ಅಕ್ಷರಕ್ಕೆ ಅವರ ಕಮಾನು ಆ ದಪ್ಪ ತಂತಿಯ ಮೇಲೆ ಇಳಿಯಿತು. ನಾನು ಕೂತಿದ್ದ ಕುರ್ಚಿ ಸಣ್ಣಗೆ ನಡುಗಿತು.