ಮೂರು ಗಂಟೆ ಸಾಕು: ಆಟಿಸಂ ಇರುವ ಮಗುವಿನ ಜೊತೆ ಕಡಿಮೆ ಖರ್ಚಿನಲ್ಲಿ ವಂಡರ್‌ಲಾ

ಆಟಿಸಂ ಇರುವ ಮಗುವನ್ನು ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದೊಯ್ದ ದಿನ ಕೆಡುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೆಳಗ್ಗೆ ಎಲ್ಲ ಚೆನ್ನಾಗಿಯೇ ಇರುತ್ತದೆ. ಎರಡು ಗಂಟೆಯ ಹೊತ್ತಿಗೆ ಮಗು ಕಿವಿ ಮುಚ್ಚಿಕೊಳ್ಳಲು ಶುರು ಮಾಡುತ್ತದೆ. ಜೊತೆಗಿದ್ದ ದೊಡ್ಡವರು ‘ಇಷ್ಟು ದುಡ್ಡು ಕೊಟ್ಟಿದ್ದೀವಿ, ಇನ್ನೆರಡು ಆಟ ಆಡಿಸಿಬಿಡೋಣ’ ಅನ್ನುತ್ತಾರೆ. ಕೆಲಸ ಕೆಡುವುದು ಆ ಇನ್ನೆರಡು ಆಟದಲ್ಲಿ. ಆಮೇಲೆ ಪಾರ್ಕಿನ ಹೆಸರೆತ್ತಿದರೂ ಮಗು ಹೆದರುತ್ತದೆ, ಕೊಟ್ಟ ದುಡ್ಡೂ ದಂಡವಾಗುತ್ತದೆ. ಹಾಗಾಗಿ ಲೆಕ್ಕ ಹಾಕುವಾಗಲೇ ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ನೀವು ದುಡ್ಡು ಕೊಡುತ್ತಿರುವುದು ಇಡೀ ದಿನಕ್ಕಲ್ಲ, ಮಗು ಖುಷಿಯಾಗಿರುವ ಮೂರು ಗಂಟೆಗೆ.

ಬಿಡದಿ ಬಳಿ 2005ರಿಂದ ನಡೆಯುತ್ತಿರುವ ವಂಡರ್‌ಲಾವನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಮೈಸೂರಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಪಾರ್ಕಿಗೆ ಹೋಗುವವರಿಗೂ ಇದೇ ಕ್ರಮ ನಡೆಯುತ್ತದೆ.

ದಿನ ಆರಿಸುವುದು

ವಾರದ ದಿನಗಳಲ್ಲಿ ಟಿಕೆಟ್ ದರ ಶನಿವಾರ, ಭಾನುವಾರಕ್ಕಿಂತ ಕಡಿಮೆ, ಸಾಲೂ ಚಿಕ್ಕದು. ಆದರೆ ವಾರದ ದಿನವೆಲ್ಲ ಒಂದೇ ಅಲ್ಲ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಕಾಲ. ಬುಧವಾರವೂ ಬಸ್ಸುಗಟ್ಟಲೆ ಮಕ್ಕಳು ಬಂದಿಳಿಯಬಹುದು, ಆ ಕಿರುಚಾಟ ಭಾನುವಾರಕ್ಕಿಂತ ಜೋರು. ಏಪ್ರಿಲ್, ಮೇ ಬೇಸಿಗೆ ರಜೆ. ದಸರಾ ರಜೆಯೂ ಬೇಡ. ನಮ್ಮ ಲೆಕ್ಕದಲ್ಲಿ ಒಳ್ಳೆಯ ಸಮಯ ಶಾಲೆಗಳು ಮತ್ತೆ ಶುರುವಾದ ಮೇಲಿನ ಜೂನ್ ಮಧ್ಯದಿಂದ ಆಗಸ್ಟ್ ಆರಂಭದವರೆಗೆ, ಮಂಗಳವಾರದಿಂದ ಗುರುವಾರದೊಳಗೆ. ಬಿಸಿಲು ಸುಡುವುದಿಲ್ಲ, ಬೆಂಗಳೂರು ಸೀಮೆಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಒಂದು ದಿನ ಶಾಲೆಗೆ ರಜೆ ಹಾಕಿಸಿದರೆ ನಷ್ಟವೇನಿಲ್ಲ.

ಹಣ ಎಲ್ಲಿ ಉಳಿಯುತ್ತದೆ

ಮಕ್ಕಳ ಟಿಕೆಟ್ಟು ನಿಗದಿಯಾಗುವುದು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ. ಒಳಗಿದ್ದರೆ ಟಿಕೆಟ್ ಬೇಡ, 140 ಸೆಂ.ಮೀ. ದಾಟಿದರೆ ದೊಡ್ಡವರ ಟಿಕೆಟ್ಟು. ಹಿಂದಿನ ದಿನವೇ ಮನೆಯಲ್ಲಿ ಅಳೆದುಕೊಳ್ಳಿ. ಆನ್‌ಲೈನ್‌ನಲ್ಲಿ ಮುಂಗಡ ಬುಕ್ ಮಾಡಿದರೆ ರಿಯಾಯಿತಿ ಸಿಗುವುದುಂಟು, ಆದರೆ ದಿನಾಂಕ ಬದಲಾಯಿಸಲು ಏನು ನಿಯಮ ಎಂದು ಓದಿಯೇ ದುಡ್ಡು ಕಟ್ಟಿ. ರಾತ್ರಿಯೆಲ್ಲ ನಿದ್ದೆ ಮಾಡದ ಮಗುವನ್ನು ಟಿಕೆಟ್ ಹಾಳಾಗುತ್ತದೆಂದು ಎಳೆದುಕೊಂಡು ಹೋಗುವಂತಾಗಬಾರದು. ಸಾಲು ತಪ್ಪಿಸುವ ‘ಫಾಸ್ಟ್‌ಟ್ರ್ಯಾಕ್’ ಟಿಕೆಟ್ಟು ಮಾಮೂಲಿ ಟಿಕೆಟ್ಟಿಗಿಂತ ಬಹಳ ದುಬಾರಿ. ಜೂನ್, ಜುಲೈನ ಬುಧವಾರ ಅದು ಬೇಕಾಗುವುದಿಲ್ಲ.

ಬಸ್ಸಿನ ಖರ್ಚಿಗೆ ಶಕ್ತಿ ಯೋಜನೆ ಇದೆ. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ಅಮ್ಮ, ಅಜ್ಜಿ, ಮಗಳು ಹೊರಟರೆ ಬಸ್ಸಿನ ಖರ್ಚು ಸೊನ್ನೆ. ರೈಲು ಇಷ್ಟಪಡುವ ಮಗುವಾದರೆ ಮೈಸೂರು ಕಡೆಯ ಪ್ಯಾಸೆಂಜರ್ ರೈಲು ಹಿಡಿದು ಬಿಡದಿಯಲ್ಲಿ ಇಳಿದು ಆಟೊ ಮಾಡಿ. ಎಷ್ಟೋ ಮಕ್ಕಳಿಗೆ ದಿನದ ಅತಿ ದೊಡ್ಡ ಖುಷಿ ಆ ರೈಲೇ. ಸ್ಕೂಟರಿನಲ್ಲಿ ಹೊರಡುವವರು ನೆನಪಿಡಿ: 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನ ನಿಷೇಧ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಒಂದು ವಾರ ಮೊದಲು ಪಾರ್ಕಿಗೆ ಬರೆಯಿರಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇದ್ದರೆ ಅದರ ಪ್ರತಿ ಲಗತ್ತಿಸಿ ಇಮೇಲ್ ಕಳಿಸಿ. ಕೇಳಬೇಕಾದ್ದು ನಾಲ್ಕೇ: ಸಾಲಿನಲ್ಲಿ ನಿಲ್ಲಲಾಗದ ಮಗುವಿಗೆ ಏನು ವ್ಯವಸ್ಥೆ ಇದೆ? ಮನೆಯ ಊಟ ತರಬಹುದೇ? ತಾಯಿಯ ಜೊತೆ ಬರುವ ದೊಡ್ಡ ಹುಡುಗ ಎಲ್ಲಿ ಬಟ್ಟೆ ಬದಲಿಸಬೇಕು? ಮಧ್ಯೆ ಹೊರಗೆ ಹೋಗಿ ಮತ್ತೆ ಒಳಬರಬಹುದೇ? ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕ ಭರವಸೆ ಗೇಟಿನ ಸಿಬ್ಬಂದಿಗೆ ಗೊತ್ತಿರುವುದಿಲ್ಲ.

ಊಟದ ಪ್ರಶ್ನೆ ಸಣ್ಣದಲ್ಲ. ಇಂಥ ಪಾರ್ಕುಗಳು ಸಾಮಾನ್ಯವಾಗಿ ಹೊರಗಿನ ತಿಂಡಿ ಬಿಡುವುದಿಲ್ಲ. ಆದರೆ ಮೊಸರನ್ನ ಮತ್ತು ಒಂದೇ ಬಗೆಯ ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟದ ಮಗುವಿಗೆ ಆ ನಿಯಮ ಉಪವಾಸವೇ ಸರಿ. ವೈದ್ಯರಿಂದ ಎರಡು ಸಾಲಿನ ಚೀಟಿ ಬರೆಸಿಕೊಳ್ಳಿ. ಆಗದಿದ್ದರೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನಿಸಿ ಒಳಗೆ ಹೋಗಿ. ಮೂರು ಗಂಟೆಗೆ ಅದು ಸಾಲುತ್ತದೆ.

ಮನೆಯಲ್ಲಿ ತಾಲೀಮು

ಮನೆಯ ತಾಲೀಮು ತಪ್ಪಿಸಿದರೆ ಉಳಿದ ತಯಾರಿ ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ಪೂರಾ ಹತ್ತು ದಿನ ಇದಕ್ಕಿಡಿ.

ಪಾರ್ಕಿನ ವೆಬ್‌ಸೈಟಿನಿಂದ ಎಂಟು ಹತ್ತು ಚಿತ್ರ ಪ್ರಿಂಟ್ ತೆಗೆಯಿರಿ: ಬಸ್ಸು, ಗೇಟು, ಟಿಕೆಟ್ಟು, ಎರಡು ಆಟ, ನೀರು, ಟವೆಲ್ಲು, ಮತ್ತೆ ಬಸ್ಸು, ಕೊನೆಗೆ ನಿಮ್ಮ ಮನೆಯ ಬಾಗಿಲು. ದಿನಾ ಮಲಗುವ ಮೊದಲು ಅದೇ ಕ್ರಮದಲ್ಲಿ, ಅದೇ ಮಾತುಗಳಲ್ಲಿ ತೋರಿಸಿ. ಕೊನೆಯ ಚಿತ್ರ ಬಿಡಬೇಡಿ. ಮನೆಗೆ ಯಾವಾಗ ಮರಳುತ್ತೇವೆ ಎಂದು ಗೊತ್ತಿಲ್ಲದಿರುವುದೇ ಬಹಳ ಮಕ್ಕಳ ಆತಂಕಕ್ಕೆ ಕಾರಣ.

ನೀರಿನ ಆಟಗಳಿಗೆ ನೈಲಾನ್ ಅಥವಾ ಲೈಕ್ರಾ ಬಟ್ಟೆ ಕಡ್ಡಾಯ, ಹತ್ತಿ ಬಟ್ಟೆ ಬಿಡುವುದಿಲ್ಲ. ಪಾರ್ಕಿನಲ್ಲಿ ಕೊಂಡರೆ ಖರ್ಚು ಹೆಚ್ಚು, ಹೊಸ ಬಟ್ಟೆಯ ಬಿಗಿತ ಮಗುವಿಗೆ ಹಿಂಸೆ. ಊರಿನ ಅಂಗಡಿಯಲ್ಲಿ ಒಂದು ಸೈಜು ದೊಡ್ಡದು ಕೊಂಡು ನಾಲ್ಕೈದು ಸಲ ಒಗೆಯಿರಿ. ಕತ್ತಿನ ಹಿಂದಿನ ಲೇಬಲ್ಲನ್ನು ಕತ್ತರಿಸಿದರೆ ಸಾಲದು, ಅದರ ಗಟ್ಟಿ ಅಂಚು ಇನ್ನೂ ಚುಚ್ಚುತ್ತದೆ. ಹೊಲಿಗೆ ಬಿಚ್ಚಿ ತೆಗೆಯಿರಿ. ಬಚ್ಚಲಲ್ಲಿ ಅದನ್ನು ಹಾಕಿಸಿ ಬಕೆಟ್ಟಿನಿಂದ ನೀರು ಹುಯ್ಯಿರಿ. ಒದ್ದೆ ಬಟ್ಟೆ ಮೈಗೆ ಅಂಟುವ ಅನುಭವ ಮೊದಲು ಮನೆಯಲ್ಲೇ ಆಗಲಿ.

ಗೇಟಿನಲ್ಲಿ ಎತ್ತರ ಅಳೆಯುವಾಗ ಅಪರಿಚಿತರು ತಲೆ ಮುಟ್ಟಿದರೆ ಕೆಲವು ಮಕ್ಕಳು ಅಲ್ಲೇ ಕುಸಿದು ಕೂರುತ್ತಾರೆ. ಗೋಡೆಗೆ ಗೆರೆ ಎಳೆದು ‘ನೆಟ್ಟಗೆ ನಿಲ್ಲು, ಒಂದು, ಎರಡು, ಮೂರು, ಆಯ್ತು’ ಎಂದು ಆಟದ ಹಾಗೆ ರೂಢಿ ಮಾಡಿಸಿ. ಸೀಟಿನ ಕಬ್ಬಿಣದ ಪಟ್ಟಿ ಹೊಟ್ಟೆಗೆ ಒತ್ತುವುದನ್ನು ಕುರ್ಚಿ ಮತ್ತು ದಿಂಬಿನಿಂದ ಅಭ್ಯಾಸ ಮಾಡಿಸಬಹುದು.

ಆಮೇಲೆ ಒಂದು ಸಣ್ಣ ಪರೀಕ್ಷೆ: ಹತ್ತಿರದ ಮಕ್ಕಳ ಪಾರ್ಕಿನ ಪುಟಾಣಿ ರೈಲಿಗೋ, ಊರ ಜಾತ್ರೆಯ ತೊಟ್ಟಿಲಿಗೋ ಅರ್ಧ ಗಂಟೆ ಕರೆದೊಯ್ಯಿರಿ. ಯಾವ ಸದ್ದಿಗೆ ಬೆಚ್ಚುತ್ತದೆ, ತಿರುಗುವುದು ಇಷ್ಟವೋ ಮೇಲೆ ಕೆಳಗೆ ಹೋಗುವುದು ಇಷ್ಟವೋ ಅಲ್ಲಿ ಕಡಿಮೆ ದುಡ್ಡಿನಲ್ಲಿ ತಿಳಿಯುತ್ತದೆ.

ಚೀಲದಲ್ಲಿ ಏನಿರಬೇಕು

ಕಿವಿ ಮುಚ್ಚುವ ಇಯರ್‌ಮಫ್. ಅದನ್ನೂ ಮನೆಯಲ್ಲಿ ಮಿಕ್ಸಿ ಹಾಕುವಾಗ ಹಾಕಿಸಿ ರೂಢಿ ಮಾಡಿಸಿರಬೇಕು. ಮಗು ದಿನಾ ಬಳಸುವ ಟವೆಲ್ಲು, ಎರಡು ಜೊತೆ ಒಣ ಬಟ್ಟೆ, ಕೈಯಲ್ಲಿ ಹಿಡಿಯುವ ನೆಚ್ಚಿನ ವಸ್ತು, ಔಷಧಿ. ಲ್ಯಾಮಿನೇಟ್ ಮಾಡಿದ ಆರು ಚಿತ್ರದ ಕಾರ್ಡುಗಳು: ನೀರು, ಟಾಯ್ಲೆಟ್, ನೋವು, ಇನ್ನೊಂದು ಸಲ, ಸಾಕು, ಮನೆ. ಮಗು ‘ಸಾಕು’ ತೋರಿಸಿದರೆ ಮೊದಲ ಸಲಕ್ಕೇ ನಿಲ್ಲಿಸಿ. ಒಮ್ಮೆ ನೀವು ಕೇಳದಿದ್ದರೆ ಅದು ಮತ್ತೆ ಕಾರ್ಡು ಮುಟ್ಟುವುದಿಲ್ಲ, ಕಿರುಚುತ್ತದೆ.

ಫೋನ್ ನಂಬರನ್ನು ಕೈಮೇಲೆ ಪೆನ್ನಿನಲ್ಲಿ ಬರೆದರೆ ನೀರಿನಲ್ಲಿ ಹೋಗುತ್ತದೆ. ನೀರಿಗಿಳಿಯುವ ಬಟ್ಟೆಯ ಅಂಚಿಗೇ ಹೊಲಿಯಿರಿ. ಗೇಟಿನಲ್ಲಿ ನಿಂತು ಆ ದಿನದ ಬಟ್ಟೆಯಲ್ಲಿ ಮಗುವಿನ ಫೋಟೊ ತೆಗೆಯಿರಿ, ಬಟ್ಟೆ ಬದಲಾದ ಮೇಲೆ ಇನ್ನೊಂದು.

ಒಳಗೆ: ಮೊದಲು ಒಣ ಆಟ, ಆಮೇಲೆ ನೀರು

ಈ ಕ್ರಮ ಬದಲಿಸಬೇಡಿ. ನೀರಿಗೆ ಮೊದಲು ಇಳಿದರೆ ಮಗು ಹೊರಗೆ ಬರಲು ಒಪ್ಪುವುದಿಲ್ಲ, ಬಂದರೂ ಎರಡು ಸಲ ಬಟ್ಟೆ ಬದಲಿಸಬೇಕಾಗುತ್ತದೆ. ಈಜುಡುಗೆಯನ್ನು ಮನೆಯಿಂದಲೇ ಒಳಗೆ ಹಾಕಿಸಿ ತಂದರೆ ಬಟ್ಟೆ ಬದಲಿಸುವ ಕೋಣೆಯ ಗದ್ದಲ ಒಂದು ಸಲ ತಪ್ಪುತ್ತದೆ. ಟಾಯ್ಲೆಟ್ಟಿನ ಕೈ ಒಣಗಿಸುವ ಯಂತ್ರಕ್ಕೆ ಹೆದರುವ ಮಕ್ಕಳು ಬಹಳ. ಒಳಗೆ ಹೋಗುವಾಗಲೂ ಇಯರ್‌ಮಫ್ ಇರಲಿ.

ಮೊದಲ ಆಟ ಹೊರಗಿನಿಂದ ಪೂರ್ತಿ ಕಾಣುವಂಥದ್ದಾಗಲಿ, ಮೆಲ್ಲಗೆ ತಿರುಗುವಂಥದ್ದು. ಹತ್ತಿಸುವ ಮೊದಲು ಎರಡು ಸುತ್ತು ನಿಂತು ನೋಡಿ: ‘ಶುರು, ತಿರುಗುತ್ತದೆ, ನಿಂತಿತು, ಇಳಿದರು.’ ಮಗು ಅದನ್ನೇ ಐದು ಸಲ ಆಡಬೇಕೆಂದರೆ ಆಡಲಿ. ಅರವತ್ತು ಆಟಗಳಿವೆ ಎಂದು ಅರವತ್ತನ್ನೂ ಆಡಿಸಬೇಕಿಲ್ಲ. ಕತ್ತಲಲ್ಲಿ ಸಾಗುವ, ಹಠಾತ್ತನೆ ಸದ್ದು ಮಾಡುವ ಆಟ ಬೇಡ. ಆಟಿಸಂ ಇರುವ ಮಕ್ಕಳಲ್ಲಿ ಮೂರ್ಛೆರೋಗ ಉಳಿದ ಮಕ್ಕಳಿಗಿಂತ ಹೆಚ್ಚು, ಆದ್ದರಿಂದ ಮಿಣುಕುವ ದೀಪಗಳ ಪ್ರದರ್ಶನದ ಬಗ್ಗೆ ವೈದ್ಯರನ್ನು ಕೇಳಿಕೊಂಡೇ ನಿರ್ಧರಿಸಿ. ಹದಿಮೂರು ಹದಿನಾಲ್ಕರ ಎತ್ತರದ ಮಗುವಿಗೆ ಪುಟ್ಟ ಮಕ್ಕಳ ರೈಲೇ ಬೇಕಾಗಬಹುದು. ಅಂಥ ಆಟಗಳಿಗೆ ಎತ್ತರದ ಮಿತಿ ಇರುತ್ತದೆ. ಮಗುವಿನ ಮುಂದೆಯೇ ‘ನೀನು ದೊಡ್ಡವನು, ಹೋಗು’ ಅನ್ನಿಸಿಕೊಳ್ಳುವ ಬದಲು ಒಬ್ಬರು ಮುಂದೆ ಹೋಗಿ ಕೇಳಿಬನ್ನಿ.

ಜೊತೆಗೆ ಅಣ್ಣನೋ ತಂಗಿಯೋ ಬಂದಿದ್ದರೆ ಅವರಿಗೂ ಒಂದು ಗಂಟೆ ಇಡಿ, ಒಬ್ಬ ದೊಡ್ಡವರು ಬರೀ ಅವರ ಜೊತೆ. ವರ್ಷವಿಡೀ ಹೊಂದಿಕೊಳ್ಳುವ ಮಕ್ಕಳು ಅವರು.

ನೀರಿನ ಬಳಿ ನಿಯಮ ಕಟ್ಟುನಿಟ್ಟು. ಆಟಿಸಂ ಇರುವ ಬಹಳ ಮಕ್ಕಳಿಗೆ ನೀರೆಂದರೆ ಸೆಳೆತ, ಅಪಾಯದ ಅಂದಾಜು ಕಡಿಮೆ, ಹೆಸರು ಕರೆದರೆ ತಿರುಗದಿರಬಹುದು. ‘ಎಲ್ಲರೂ ನೋಡ್ತಿದ್ದಾರೆ’ ಅಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಇಪ್ಪತ್ತು ನಿಮಿಷಕ್ಕೊಬ್ಬರಂತೆ ಹಂಚಿಕೊಳ್ಳಿ, ‘ಈಗ ನಾನು’ ಎಂದು ಬಾಯಿಬಿಟ್ಟು ಹೇಳಿ, ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು ಮಗುವಿನ ಕೈಯಳತೆಯಲ್ಲೇ ಇರಿ. ಮಗು ಕಾಣೆಯಾದರೆ ಮೊದಲು ಹುಡುಕುವುದು ನೀರಿನ ಜಾಗವನ್ನು, ಅದೇ ಹೊತ್ತಿಗೆ ಇನ್ನೊಬ್ಬರು ಫೋಟೊ ಹಿಡಿದು ಸಿಬ್ಬಂದಿಯ ಬಳಿ ಓಡಬೇಕು.

ಕೈಮೀರುವ ಮುಂಚೆ

ಗುನುಗು ಜೋರಾಗುವುದು, ತುದಿಗಾಲಲ್ಲಿ ಓಡಾಡುವುದು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು: ನಿಮ್ಮ ಮಗುವಿನ ಗುರುತು ನಿಮಗೇ ಗೊತ್ತು. ಅದು ಕಂಡ ಕೂಡಲೇ ಮೊದಲೇ ನೋಡಿಟ್ಟ ಮರದ ನೆರಳಿಗೆ ಹೋಗಿ. ಒಬ್ಬರೇ ಜೊತೆಗಿರಿ, ಮಾತು ನಿಲ್ಲಿಸಿ, ನೀರು ಕೊಡಿ. ಸಮಾಧಾನದ ಮಾತೂ ಆ ಹೊತ್ತಿಗೆ ಇನ್ನೊಂದು ಸದ್ದೇ. ಇದು ಹಠವಲ್ಲ, ತಡೆಯಲಾರದಷ್ಟು ಶಬ್ದ, ಬೆಳಕು ಒಟ್ಟಿಗೆ ನುಗ್ಗಿದ್ದರ ಫಲ. ಸುತ್ತ ಜನ ಸೇರಿ ‘ಎರಡೇಟು ಹಾಕಿ’ ಅನ್ನಬಹುದು. ವಾದಕ್ಕಿಳಿಯದೆ ಒಂದು ಚೀಟಿ ಕೊಡಿ: ‘ನಮ್ಮ ಮಗುವಿಗೆ ಆಟಿಸಂ ಇದೆ. ಗದ್ದಲದಿಂದ ಹೀಗಾಗಿದೆ. ದಯವಿಟ್ಟು ಸ್ವಲ್ಪ ಜಾಗ ಬಿಡಿ.’ ಇಂಥ ನಾಲ್ಕು ಚೀಟಿ ಚೀಲದಲ್ಲಿರಲಿ.

ಹೊರಡುವುದು

ಮಗು ಇನ್ನೂ ನಗುತ್ತಿರುವಾಗಲೇ ಹೊರಡಿ. ಹತ್ತು ನಿಮಿಷ ಮೊದಲು, ಐದು ನಿಮಿಷ ಮೊದಲು, ಎರಡು ನಿಮಿಷ ಮೊದಲು ಚಿತ್ರ ತೋರಿಸಿ ಹೇಳಿ: ‘ನೀರು ಮುಗಿಯಿತು, ಈಗ ಟವೆಲ್ಲು, ಆಮೇಲೆ ಬಸ್ಸು.’ ‘ಇನ್ನೊಂದು ಸಲ ಬರೋಣ’ ಎನ್ನುವ ಮಾತು ಮಗುವಿಗೆ ಅರ್ಥವಾಗದು, ಟವೆಲ್ಲು ಅರ್ಥವಾಗುತ್ತದೆ. ಮರುದಿನ ಶಾಲೆ, ಥೆರಪಿ, ನೆಂಟರ ಮನೆ ಯಾವುದೂ ಬೇಡ. ಅಂದು ಸಂಜೆ ಫೋನಿನಲ್ಲಿರುವ ಫೋಟೊಗಳಲ್ಲಿ ಎಂಟನ್ನು ಪ್ರಿಂಟ್ ಹಾಕಿಸಿ, ವೆಬ್‌ಸೈಟಿನ ಚಿತ್ರಗಳ ಜಾಗದಲ್ಲಿ ಅವನ್ನು ಜೋಡಿಸಿಡಿ. ಮುಂದಿನ ಸಲ ತೋರಿಸುವ ಆ ಗೇಟಿನ ಮುಂದೆ ನಿಮ್ಮ ಮಗುವೇ ನಿಂತಿರುತ್ತದೆ.