ಆಸ್ಕರ್‌ಗಿಂತ ಮೊದಲು ಬರಬೇಕಾದ ಜೊತೆಗಾರರು

ಮುಂಬಯಿಯ ಕುರ್ಲಾದ ಸಾಕುಮೀನಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕೊಡುವ ಆಸ್ಕರ್ ಮೀನಿನ ಮರಿ ನಮ್ಮ ಹೆಬ್ಬೆರಳಿನಷ್ಟೇ ಉದ್ದವಿರುತ್ತದೆ. ಅಮೆಜಾನ್ ನದೀಬಯಲಿನ, ಸಿಕ್ಲಿಡ್ ಎಂಬ ಕುಟುಂಬದ ಈ ಮೀನು ಹೊಟ್ಟೆತುಂಬ ತಿಂದು ವರ್ಷದೊಳಗೆ ಒಂದು ಗೇಣನ್ನು ಮೀರಿ ಬೆಳೆಯುತ್ತದೆ. ಪೂರ್ತಿ ಬೆಳೆದಾಗ 30ರಿಂದ 35 ಸೆಂಟಿಮೀಟರ್ ತಲುಪಿ, ಚೆನ್ನಾಗಿ ನೋಡಿಕೊಂಡರೆ 10 ವರ್ಷಕ್ಕೂ ಹೆಚ್ಚು ಬದುಕುತ್ತದೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಎರಡು ಅಡಿಯ ತೊಟ್ಟಿಗೆ ನಾನು ಮೊದಲು ತಂದದ್ದು ಆಸ್ಕರ್ ಮರಿಯನ್ನೇ. ಅದು ಒಂಟಿಯಾಯಿತೆಂದು ಆಮೇಲೆ ಆರು ಪುಟ್ಟ ಟೆಟ್ರಾ ಮೀನುಗಳನ್ನು ಬಿಟ್ಟೆ. ನಾಲ್ಕು ತಿಂಗಳಲ್ಲಿ ಆರೂ ಅದರ ಹೊಟ್ಟೆ ಸೇರಿದವು, ಆ ಬಳಿಕ ಬಂದ ಯಾವ ಮೀನನ್ನೂ ಅದು ತನ್ನ ಜಾಗದಲ್ಲಿ ನಿಲ್ಲಗೊಡಲಿಲ್ಲ. ಹೆಚ್ಚಿನವರು ಎಡವುವುದು ಈ ಅನುಕ್ರಮದಲ್ಲಿಯೇ. ಮೊದಲು ಜಾಗ, ನಂತರ ನೀರು, ಆಮೇಲೆ ಜೊತೆಗಾರರು, ಎಲ್ಲಕ್ಕಿಂತ ಕೊನೆಗೆ ಆಸ್ಕರ್ ಬರಬೇಕು.

ಒಂದೇ ಆಸ್ಕರ್ ಸಾಕುವುದಾದರೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಅಷ್ಟೇ ಎತ್ತರದ, ಸುಮಾರು 250 ಲೀಟರಿನ ತೊಟ್ಟಿ ಕನಿಷ್ಠ ಅಗತ್ಯ. ಜೊತೆಗಾರರೂ ಇರಬೇಕೆಂದರೆ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಅದರಲ್ಲಿ 680 ಲೀಟರಿನಷ್ಟು ನೀರು ಹಿಡಿಯುತ್ತದೆ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ಭಾರ 800 ಕಿಲೋ ದಾಟುತ್ತದೆ. ವಾಸದ ಕೋಣೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ವಿನ್ಯಾಸಗೊಳಿಸಿರುತ್ತಾರೆ, ತೊಟ್ಟಿಯಾದರೋ ಅಷ್ಟೂ ಭಾರವನ್ನು ಒಂದು ಚದರ ಮೀಟರಿಗಿಂತ ತುಸು ಹೆಚ್ಚಿನ ಜಾಗದಲ್ಲಿ ಹೇರುತ್ತದೆ. ಆದ್ದರಿಂದ ಮುಂಬಯಿಯ ಮಹಡಿ ಮನೆಗಳಲ್ಲಿ ಕಟ್ಟಡದ ಎಂಜಿನಿಯರ್ ಒಬ್ಬರನ್ನು ಕೇಳಿಯೇ ಮುಂದುವರಿಯಬೇಕು. ಕೋಣೆಯ ನಡುವೆ ಇಡದೆ, ತೊಲೆ ಹಾದುಹೋಗುವ ಗೋಡೆಯ ಪಕ್ಕಕ್ಕೆ ಇಡಬೇಕು. ಮರದ ನೆಲದ ಹಳೆಯ ಚಾಳ್‌ಗಳಲ್ಲಿ ಇಷ್ಟು ದೊಡ್ಡ ತೊಟ್ಟಿಯ ಯೋಚನೆಯನ್ನೇ ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಆಸ್ಕರ್ ನೆಲವನ್ನು ಅಗೆಯುತ್ತದೆ, ಗಿಡಗಳನ್ನು ಕೀಳುತ್ತದೆ, ಹೀಟರಿಗೆ ಗುದ್ದುತ್ತದೆ, ಬೆದರಿದಾಗ ಹೊರಕ್ಕೆ ನೆಗೆಯುತ್ತದೆ. ದೊಡ್ಡ ಕಲ್ಲುಗಳನ್ನು ಮರಳಿನ ಮೇಲಿಡದೆ ನೇರವಾಗಿ ತಳದ ಮೇಲೆ ತೆಳು ಹಾಸು ಹಾಕಿ ಕೂರಿಸಿ, ಭಾರದ ಮುಚ್ಚಳ ಹಾಕಿ.

ತೊಟ್ಟಿ ತುಂಬಿದ ದಿನವೇ ಮೀನು ಬಿಡುವಂತಿಲ್ಲ. ಮೀನಿನ ಹೇಲು ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಅದನ್ನು ಕಡಿಮೆ ವಿಷದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇವು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಮೀನಿಲ್ಲದೆಯೇ ಫಿಲ್ಟರ್ ಓಡಿಸುತ್ತ, ಚಿಟಿಕೆ ಆಹಾರ ಹಾಕುತ್ತ, ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ನಮ್ಮ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಪ್ರತಿ ಸಲವೂ ಕ್ಲೋರಿನ್ ನಿವಾರಕ ಬೆರೆಸಿಯೇ ತೊಟ್ಟಿಗೆ ಹಾಕಬೇಕು. ನೀರು ಗೊತ್ತಾದ ಹೊತ್ತಿಗಷ್ಟೇ ಬರುವ ಮನೆಗಳಲ್ಲಿ ಇದಕ್ಕಾಗಿಯೇ ಒಂದು ಡ್ರಮ್ ಮೀಸಲಿಡಿ.

ಇನ್ನು ಜೊತೆಗಾರರ ಆಯ್ಕೆ. ಆಸ್ಕರ್ ಸ್ವಭಾವತಃ ಕೊಲೆಗಡುಕನಲ್ಲ, ಆದರೆ ಬಾಯಿಗೆ ಹಿಡಿಸುವುದೆಲ್ಲ ಅದಕ್ಕೆ ಆಹಾರ. ಗಪ್ಪಿ, ನಿಯಾನ್ ಟೆಟ್ರಾಗಳ ಮಾತೇ ಬೇಡ. ಕೋರಿಡೋರಸ್‌ನಂಥ ಪುಟ್ಟ ಕ್ಯಾಟ್‌ಫಿಶ್‌ಗಳನ್ನು ನುಂಗಲು ಹೋದರೆ ಅವುಗಳ ರೆಕ್ಕೆಯ ಮುಳ್ಳು ಗಂಟಲಿಗೆ ಸಿಕ್ಕಿ ಇಬ್ಬರೂ ಸಾಯಬಹುದು. ಅದರ ವಿರುದ್ಧ ತುದಿಯಲ್ಲಿರುವ ಫ್ಲವರ್‌ಹಾರ್ನ್, ರೆಡ್ ಡೆವಿಲ್ ಮುಂತಾದ ಜಗಳಗಂಟ ಮೀನುಗಳು ಆಸ್ಕರನ್ನೇ ಹಣ್ಣುಮಾಡುತ್ತವೆ. ನನಗೆ ಅತ್ಯಂತ ಹಿಡಿಸಿದ ಜೊತೆಯೆಂದರೆ ಸಿಲ್ವರ್ ಡಾಲರ್. ತಟ್ಟೆಯಂತೆ ಅಗಲವಾದ ಮೈ ನುಂಗಲು ಬಾರದು, ಓಡುವುದು ಚುರುಕು, ಆಹಾರ ಮುಖ್ಯವಾಗಿ ಸೊಪ್ಪು. ಐದಾರನ್ನು ಒಟ್ಟಿಗೆ ಇಟ್ಟರೆ ಅವು ನೆಮ್ಮದಿಯಿಂದ ತಿರುಗುವುದನ್ನು ಕಂಡು ಆಸ್ಕರ್‌ನ ಅಂಜಿಕೆಯೂ ಕಡಿಮೆಯಾಗುತ್ತದೆ. ಸೌಮ್ಯ ಸಿಕ್ಲಿಡ್‌ಗಳಲ್ಲಿ ಸೆವೆರಮ್ ಸೇರಬಲ್ಲದು. ತಳದಲ್ಲಿರಲೆಂದು ಅಂಗಡಿಯವರು ಕೊಡುವ ಪ್ಲೆಕೋ ಎಂಬ ಕ್ಯಾಟ್‌ಫಿಶ್‌ನ ಮರಿ ಆಸ್ಕರ್‌ನಷ್ಟೇ ಅಥವಾ ಅದಕ್ಕಿಂತ ಉದ್ದ ಬೆಳೆದು ವಿಪರೀತ ಹೇಲುವುದರಿಂದ ನಾನು ಅದನ್ನು ಇಟ್ಟುಕೊಳ್ಳುವುದಿಲ್ಲ. ಬೇಡವಾದ ಪ್ಲೆಕೋವನ್ನು ಕೆರೆಗೆ ಬಿಡುವುದಂತೂ ಸರ್ವಥಾ ಕೂಡದು. ಈ ಮೀನುಗಳು ಭಾರತದ ಅನೇಕ ಕೆರೆ ನದಿಗಳಲ್ಲಿ ಈಗಾಗಲೇ ನೆಲೆಯೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿವೆ.

ಆಯ್ದ ಮೀನುಗಳನ್ನು ಬೇರೆ ತೊಟ್ಟಿಯಲ್ಲಿ ಮೂರು ನಾಲ್ಕು ವಾರ ಇರಿಸಿ, ರೋಗವಿಲ್ಲವೆಂದು ಖಚಿತಪಡಿಸಿಕೊಂಡು ದೊಡ್ಡ ತೊಟ್ಟಿಗೆ ಬಿಡಿ. ಅವು ಹೊಂದಿಕೊಂಡು ಎರಡು ವಾರವಾದ ಮೇಲೆ, ಅವುಗಳಿಗಿಂತ ಚಿಕ್ಕದಾದ ಆಸ್ಕರ್ ಮರಿಯನ್ನು ತನ್ನಿ. ಹೊಸದಾಗಿ ಬಂದದ್ದು ಮೂಲೆ ಹಿಡಿದು ಒಂದೆಡೆ ಮೈ ವಾಲಿಸಿ ಮಲಗಿದರೆ ಗಾಬರಿಯಾಗಬೇಡಿ. ಜಾಗ ಬದಲಾದಾಗ ಆಸ್ಕರ್‌ಗಳು ಹಾಗೆ ಮುನಿಯುವುದುಂಟು. ದೀಪ ಆರಿಸಿ, ನೀರಿನ ಪರೀಕ್ಷೆ ಮಾಡಿ, ಒಂದು ದಿನ ಬಿಟ್ಟುಬಿಡಿ. ಮನೆಯಲ್ಲಿ ಆಗಲೇ ಬೆಳೆದ ಆಸ್ಕರ್ ಇದ್ದರೆ ಅದನ್ನು ಕೆಲಕಾಲ ಬೇರೆಡೆಗೆ ತೆಗೆದು, ಕಲ್ಲು ಮರಗಳನ್ನೆಲ್ಲ ಸ್ಥಾನ ಬದಲಿಸಿ, ಹೊಸಬರನ್ನು ಮೊದಲು ಬಿಟ್ಟು, ಆಮೇಲೆ ಅದನ್ನು ಮರಳಿಸಿದರೆ ಹಳೆಯ ಗಡಿಗಳು ಅದಕ್ಕೆ ಗುರುತು ಸಿಗುವುದಿಲ್ಲ.

ಆಹಾರಕ್ಕೆ ದೊಡ್ಡ ಗುಳಿಗೆಗಳೇ ಮೂಲ. ವಾರಕ್ಕೊಂದೆರಡು ಸಲ ಮೀನು ಮಾರುವ ಕೋಲಿ ಸಮುದಾಯದ ಹೆಂಗಸರ ಬುಟ್ಟಿಯಿಂದ ತಂದ ತಾಜಾ ಸಿಗಡಿಯನ್ನು ಸುಲಿದು ತುಂಡು ಮಾಡಿ ಕೊಡಬಹುದು. ಜೀವಂತ ಮೀನು ತಿನ್ನಿಸುವ ಚಟ ಬೇಡ, ರೋಗಗಳು ಆ ದಾರಿಯಿಂದಲೇ ಬರುತ್ತವೆ. ಸಿಲ್ವರ್ ಡಾಲರ್‌ಗಳಿಗೆ ಬೇಯಿಸಿದ ಪಾಲಕ್, ಸೌತೆಕಾಯಿಗಳನ್ನು ತೊಟ್ಟಿಯ ಮತ್ತೊಂದು ತುದಿಯಲ್ಲಿ ಹಾಕಿದರೆ ಊಟದ ಹೊತ್ತಿನ ನೂಕುನುಗ್ಗಲು ತಪ್ಪುತ್ತದೆ.

ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರನ್ನು ಬದಲಿಸಬೇಕು, ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಸುಮಾರು 40 ಮಿಲಿಗ್ರಾಂ) ಒಳಗೇ ಇರಬೇಕು. ಇದನ್ನು ಕಡೆಗಣಿಸಿದ ತೊಟ್ಟಿಗಳಲ್ಲಿ ಆಸ್ಕರ್‌ನ ತಲೆಯ ಮೇಲೆ ಕುಳಿಗಳು ಬೀಳುವ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮುಂಬಯಿಯ ಮೇ ತಿಂಗಳಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುವುದರಿಂದ ಏರ್ ಪಂಪ್ ನಿಲ್ಲಿಸಬಾರದು. ಮಳೆಗಾಲದಲ್ಲಿ ವಿದ್ಯುತ್ ಹೋದಾಗ ನೆರವಾಗಲು ಬ್ಯಾಟರಿಯ ಪಂಪ್ ಒಂದನ್ನು ಮೊದಲೇ ಕೊಂಡಿಡಿ. ಇದೇ ಸಲಹೆಯನ್ನು ಪುಣೆಯಲ್ಲಿ ಅನುಸರಿಸುವವರು ಚಳಿಗಾಲಕ್ಕೆ ಹೀಟರನ್ನೂ ಸೇರಿಸಿಕೊಂಡು ನೀರನ್ನು 25 ಡಿಗ್ರಿಯ ಆಸುಪಾಸಿನಲ್ಲಿ ಇರಿಸಬೇಕು.

ಇಷ್ಟಾದರೂ ಕಾದಾಟ ನಿಲ್ಲದ ತೊಟ್ಟಿಗಳಿವೆ. ಹರಿದ ರೆಕ್ಕೆ, ಕಿತ್ತ ಹುರುಪೆ, ಮೇಲ್ಮೈಗೆ ಅಂಟಿಕೊಂಡು ಊಟಕ್ಕೂ ಇಳಿಯದ ಮೀನು, ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ಬೇರ್ಪಡಿಸಬೇಕು. ಇದಕ್ಕಾಗಿ ತೊಟ್ಟಿಯ ಅಡ್ಡಗಲಕ್ಕೆ ಸರಿಯಾಗಿ ಕೂರುವ, ತೂತುಗಳಿರುವ ಅಕ್ರಿಲಿಕ್ ಹಲಗೆಯೊಂದನ್ನು ತೊಟ್ಟಿ ಮಾಡಿಸುವಾಗಲೇ ಅದೇ ಗಾಜಿನವನಿಂದ ಅಳತೆ ಕೊಟ್ಟು ಮಾಡಿಸಿಕೊಳ್ಳಿ.